ಅಮ್ಮನ ಜಾಡಿಯ ತುಪ್ಪ

“ಹೇಳಮ್ಮ, ನಿಮ್ಮ ಡೇರಿ ತುಪ್ಪಕ್ಕೆ ಈ ಘಮ ಬರುತ್ತಾ?” ಎನ್ನುತ್ತಾ ಅವನ ಅಮ್ಮ ನನ್ನ ಬಿಸಿ ಅನ್ನದ ಮೇಲೆ ಧಾರಾಳವಾಗಿ ತುಪ್ಪ ಹಾಕಿದರು.

ಎದುರಿಗೆ ಅವನು ಕೂತಿದ್ದ. ವಾಚು ರಿಪೇರಿ ಮಾಡುವವನು. ನಾನು ಕರೆಯುವುದೇ ‘ಗಡಿಯಾರ’ ಎಂದು. ನನ್ನ ನಿಂತುಹೋದ ವಾಚಿನ ಮುಚ್ಚಳ ಬಿಚ್ಚಿ, ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, “ಇದಕ್ಕೆ ತುಪ್ಪ ಕುಡಿಸಿದ್ದೀರಾ?” ಎಂದು ಕೇಳಿದ್ದೇ ನಮ್ಮ ಮೊದಲ ಮಾತು. ಗಾಜಿನ ಹಿಂದೆ ಆ ಕಣ್ಣು ಇಷ್ಟಗಲ ಕಂಡು ನನಗೆ ನಗು ತಡೆಯಲಾಗಿರಲಿಲ್ಲ. ಆಮೇಲೆ ಸರಿಯಾಗಿ ಓಡುತ್ತಿದ್ದ ವಾಚನ್ನೂ ತೋರಿಸುವ ನೆಪ ಮಾಡಿಕೊಂಡು ಹೋಗತೊಡಗಿದೆ. ಅವನೂ ಅದನ್ನು ಬಿಚ್ಚಿ, ಸುಮ್ಮನೆ ನೋಡಿ, ನನ್ನನ್ನೂ ನೋಡಿ, ಮುಚ್ಚಿ ಕೊಡುತ್ತಿದ್ದ.

ಅವತ್ತು ನಾನು ಅವನ ಮನೆಗೆ ಹೋದದ್ದು ಅಮ್ಮನ ಒಪ್ಪಿಗೆ ಪಡೆಯಲು. ಅವರು ಹೂಂ ಎಂದರೆ ಮದುವೆ. ಉಹೂಂ ಎಂದರೆ ಏನೆಂದು ನಾವಿಬ್ಬರೂ ಬಾಯಿಬಿಟ್ಟು ಮಾತಾಡಿಕೊಂಡಿರಲಿಲ್ಲ.

ತುತ್ತು ಬಾಯಿಗೆ ಹೋಗುವ ಮೊದಲೇ ನನ್ನ ಮೂಗಿಗೆ ಗೊತ್ತಾಗಿಹೋಯಿತು.

ಡೇರಿಯಲ್ಲಿ ನನ್ನ ಕೆಲಸವೇ ಅದು. ಕಾದು ಬಂದ ತುಪ್ಪವನ್ನು ಅಂಗೈಗೆ ಹಾಕಿ ಉಜ್ಜಿ, ಮೂಸಿ, ನಾಲಿಗೆಗೆ ಸವರಿ ನೋಡಿ ನಾನು ಸರಿ ಎಂದರೆ ಮಾತ್ರ ಪ್ಯಾಕಿಂಗ್. ‘ಮೂಗು ಮೇಡಂ’ ಎಂದೇ ಎಲ್ಲರೂ ಆಡಿಕೊಳ್ಳುತ್ತಾರೆ. ನನ್ನ ತಟ್ಟೆಯಲ್ಲಿದ್ದ ಈ ತುಪ್ಪವನ್ನೂ, ಇನ್ನೊಂದು ಕುದಿ ಬೇಕಿತ್ತೇನೋ ಎಂದು ಅನುಮಾನಿಸುತ್ತಲೇ, ಡೇರಿಯಲ್ಲಿ ನಾನೇ ಪಾಸು ಮಾಡಿದ್ದೆ. ಜಾಡಿಯಲ್ಲಿ ಇಣುಕಿದರೆ ಹರಳುಗಳೆಲ್ಲ ಒಂದೇ ಸಮ. ಮನೆಯಲ್ಲಿ ಕಾಯಿಸಿದ ತುಪ್ಪ ಹಾಗೆ ಶಿಸ್ತಾಗಿ ಹೆಪ್ಪುಗಟ್ಟುವುದಿಲ್ಲ.

“ಅಮ್ಮನ ಕೈಯ ತುಪ್ಪಕ್ಕೆ ಸಾಟಿಯೇ ಇಲ್ಲ,” ಎಂದ ಅವನು, ಕಿವಿಯ ತುದಿ ಉಜ್ಜಿಕೊಳ್ಳುತ್ತಾ. ಸುಳ್ಳು ಹೇಳುವಾಗ ಅವನ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಕಣ್ಣು ಮಾತ್ರ ನನ್ನನ್ನು ಬೇಡಿಕೊಳ್ಳುತ್ತಿತ್ತು. ನಾನು ತಟ್ಟೆ ನೋಡಿಕೊಂಡು, ಚೆನ್ನಾಗಿದೆ ಅಂತಲೋ ಏನೋ ಗೊಣಗಿದೆ.

ಅಮ್ಮ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. “ಹಾಗೆ ಬಾಯಿಮಾತಿಗೆ ಹೇಳಬೇಡ. ಅದೊಂದು ಜ್ವರ ಬಂದು ಹೋದಮೇಲೆ ನನಗೆ ವಾಸನೆಯೇ ಹತ್ತಲ್ಲ, ಮಗಳೇ. ಹಾಲು ಉಕ್ಕಿ ಸೀದರೂ ಗೊತ್ತಾಗಲ್ಲ. ಇವನನ್ನ ಕೇಳಿದ್ರೆ ಎಲ್ಲದಕ್ಕೂ ಚೆನ್ನಾಗಿದೆ ಅಂತಾನೆ. ಅದಕ್ಕೇ ನಿನ್ನ ಮೂಗನ್ನ ನಂಬಿ ಕೇಳ್ತಿದೀನಿ.”

ಅಷ್ಟು ನಂಬಿ ಕೇಳಿದವರಿಗೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ. “ಅಮ್ಮಾ, ಇದು ನಮ್ಮ ಡೇರಿ ತುಪ್ಪ,” ಎಂದೆ.

ಅವರು ಜಾಡಿಯ ಮುಚ್ಚಳ ಹಾಕಿದರು. ಮತ್ತೆ ತೆಗೆದರು. ಮತ್ತೆ ಹಾಕಿದರು. ಕೊನೆಗೆ ಮಗನ ಕಡೆ ತಿರುಗಿ, “ಹಾಗಾದ್ರೆ ನಾನು ಕಾಯಿಸಿದ್ದು ಎಲ್ಲಿ ಹೋಯ್ತೋ?” ಎಂದು ಕೇಳಿದರು. ಅವರು ಜಾಡಿಯನ್ನು ಎದೆಗವಚಿಕೊಂಡು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನ್ನ ಅನ್ನ ತಟ್ಟೆಯಲ್ಲೇ ಆರಿತು.

ಮೆಟ್ಟಿಲಿಳಿಯುವಾಗ ಅವನು ಎಲ್ಲವನ್ನೂ ಹೇಳಿದ. ಅಮ್ಮ ಕಾಯಿಸಿದ್ದೆಲ್ಲ ತಳ ಹಿಡಿದು ಕಪ್ಪಾಗುತ್ತಿತ್ತಂತೆ. ಸೋಸುವ ಕೆಲಸ ನನಗಿರಲಿ, ನೀನು ಹೋಗಿ ಕೂತ್ಕೋ ಎಂದು ಅವರನ್ನು ಕಳಿಸಿ, ಅದನ್ನು ಚೆಲ್ಲಿ, ಜಾಡಿಗೆ ಪ್ಯಾಕೆಟ್ ತುಪ್ಪ ಸುರಿಯುತ್ತಿದ್ದನಂತೆ.

“ನಮ್ಮ ಡೇರಿದೇ ಯಾಕೆ ತಂದೆ?”

“ಇನ್ಯಾವುದು ತರಲಿ? ನೀನು ಮೂಸಿ ಕಳಿಸಿದ್ದು.”

ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಕರಗಿ ನೀರಾಗುತ್ತಿದ್ದೆ. ಅವತ್ತು ಎರಡು ಮೆಟ್ಟಿಲು ಬೇಗ ಇಳಿದುಬಿಟ್ಟೆ.

“ಅಮ್ಮನ ಮುಖ ನೋಡೋಕಾಗದೆ ಮಾಡಿದ್ದು,” ಎಂದ. “ನೀನು ಒಂದು ಮಾತು ನುಂಗಿಕೊಂಡಿದ್ರೆ ಏನಾಗ್ತಿತ್ತು?”

“ನಿಂತ ವಾಚಿನ ಮುಳ್ಳು ತಿರುಗಿಸಿ, ಓಡ್ತಿದೆ ಅಂತ ಯಾರಿಗಾದ್ರೂ ಕೊಡ್ತೀಯಾ ನೀನು? ನಾಳೆ ನನ್ನ ಮುಖ ನೋಡೋಕಾಗದೆ ಏನೇನು ಮುಚ್ಚಿಡ್ತೀಯ? ನೀನು ಚೆನ್ನಾಗಿದೆ ಅಂದಾಗಲೆಲ್ಲ ನಾನು ಹೇಗೆ ನಂಬಲಿ?”

ಅವನು ನನ್ನನ್ನು ಬಸ್‌ಸ್ಟಾಪಿನವರೆಗೆ ಬಿಡಲು ಬರಲಿಲ್ಲ. ಬರಬೇಡ ಎಂದವಳು ನಾನೇ. ಆದರೂ ತಿರುಗಿ ತಿರುಗಿ ನೋಡಿದೆ.

ಆಮೇಲಿನ ದಿನಗಳಲ್ಲಿ ಡೇರಿಯಲ್ಲಿ ಕೈಗೆ ತುಪ್ಪ ಹಾಕಿಕೊಂಡರೆ ಅವನ ನೆನಪೇ ಬರುತ್ತಿತ್ತು. ಹಟಕ್ಕೆ ಬಿದ್ದವಳಂತೆ ಒಂದು ಭಾನುವಾರ ಬೆಣ್ಣೆ ತಂದು ಮನೆಯಲ್ಲೇ ಕಾಯಿಸಲು ನಿಂತೆ. ದಿನಾ ಬೇರೆಯವರು ಮಾಡಿದ್ದಕ್ಕೆ ಮೂಗು ಮುರಿಯುವವಳು ನಾನು, ಸ್ವತಃ ಪಾತ್ರೆಯ ಮುಂದೆ ನಿಲ್ಲದೆ ಎಷ್ಟು ಕಾಲವಾಗಿತ್ತೋ. ನೊರೆ ಎದ್ದಿತು, ಚಟಪಟ ಸದ್ದಾಯಿತು, ಸದ್ದು ನಿಂತಿತು. ನನ್ನ ಮನಸ್ಸು ಎಲ್ಲೋ ಇತ್ತು. ಘಮ ಬಂದು ಎಚ್ಚರಿಸದಿದ್ದರೆ ಖಂಡಿತ ಸೀಯುತ್ತಿತ್ತು. ಹದಕ್ಕೂ ಸೀಯುವುದಕ್ಕೂ ನಡುವೆ ಇರುವುದು ಇಷ್ಟೇ ಇಷ್ಟು ಹೊತ್ತು. ಆ ತಾಯಿ ಪ್ರತಿ ಸಲ ಅಲ್ಲಿ ಕುರುಡಾಗಿ ನಿಲ್ಲುತ್ತಿದ್ದರು ಎಂಬುದು ಆಗ ಹೊಳೆಯಿತು. ಒಲೆ ಆರಿಸಿ ಅಲ್ಲೇ ನಿಂತು ಅತ್ತೆ. ಅವನು ಆ ಮುಖ ನೋಡಲಾರದೆ ಹೋದದ್ದೂ ಅರ್ಥವಾಯಿತು. ಅರ್ಥವಾದರೂ, ನಾಳೆ ನನ್ನಿಂದಲೂ ಹೀಗೇ ಮುಚ್ಚಿಟ್ಟಾನೆಂಬ ಭಯ ಹೋಗಲಿಲ್ಲ.

ಒಂದು ಸಂಜೆ ಶಿಫ್ಟು ಮುಗಿಸಿ ಬಂದರೆ ಡೇರಿ ಗೇಟಿನಲ್ಲಿ ಅವನು. ಕೈಯಲ್ಲಿ ಅದೇ ಜಾಡಿ. ಗಡ್ಡ ಬಂದಿತ್ತು, ಮುಖ ಸೊರಗಿತ್ತು. ಮುಚ್ಚಳ ತೆಗೆದು ಮುಂದೆ ಹಿಡಿದ. ಬಣ್ಣ ಕಂದು. ಬೆರಳ ತುದಿಯಲ್ಲಿ ತೆಗೆದು ನಾಲಿಗೆಗಿಟ್ಟೆ.

“ಸೀದಿದೆ,” ಎಂದೆ.

“ಬೆಳಿಗ್ಗೆ ನಾನೂ ಅಮ್ಮನಿಗೆ ಅದನ್ನೇ ಹೇಳಿದೆ.” ಅವನು ಮುಚ್ಚಳವನ್ನು ಕೈಯಲ್ಲಿ ತಿರುಗಿಸಿದ. “ಮೊದಲನೇ ಸಲ. ತುಂಬಾ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಎಷ್ಟು ಸೀದಿದೆ ಅಂತ ಕೇಳಿದಳು. ಸರಿಯಾಗಿ ಹೇಳೋಕೆ ನನಗೆಲ್ಲಿ ಬರುತ್ತೆ?”

ನಾನು ಮತ್ತೆ ಬೆರಳಿಟ್ಟು ನೋಡಿದೆ. ತೀರಾ ಚೆಲ್ಲುವಷ್ಟೇನಲ್ಲ, ಸದ್ದು ನಿಂತ ಕೂಡಲೇ ಇಳಿಸಿದ್ದರೆ ಸಾಕಿತ್ತು, ಅವರ ಕಿವಿ ಚುರುಕಾಗಿದೆಯಲ್ಲ ಎಂದೆ. ಅವನು ಮಗ್ಗಿ ಕಲಿಯುವ ಮಗುವಿನ ಹಾಗೆ ಆ ಮಾತನ್ನು ಬಾಯಲ್ಲೇ ಹೇಳಿಕೊಂಡ. ನನಗೆ ನಗುವೂ ಬಂತು, ಕಣ್ಣೂ ತುಂಬಿತು.

“ಮುಂದಿನ ಸಲ ಕಾಯಿಸುವಾಗ ಒಲೆ ಪಕ್ಕ ಬಂದು ನಿಂತ್ಕೋತೀಯಾ?”

“ಅಮ್ಮ ಕರೆದ್ರಾ?”

ಅವನ ಕೈ ಕಿವಿಯ ಕಡೆ ಎದ್ದಿತು. ಅರ್ಧದಲ್ಲೇ ನಿಂತಿತು. ಹೂಂ ಎಂದುಬಿಟ್ಟಿದ್ದರೆ ನಾನು ಆ ಕ್ಷಣವೇ ಹೊರಟುಬಿಡುತ್ತಿದ್ದೆ. ಎತ್ತ ಕಡೆಗೆ ಎಂದು ನನಗೂ ಗೊತ್ತಿರಲಿಲ್ಲ.

ಅವನು ಕೈ ಇಳಿಸಿ ಜಾಡಿಯನ್ನು ಹಿಡಿದುಕೊಂಡ.

“ಇಲ್ಲ,” ಎಂದ. “ಅಮ್ಮನಿಗೆ ನಿನ್ನ ಮೇಲೆ ಇನ್ನೂ ಕೋಪ ಇದೆ. ಕರೀತಿರೋದು ನಾನು. ನೀನಿಲ್ಲದೆ ನನಗೆ ಆಗ್ತಿಲ್ಲ.”

ನಾನು ಅವನ ಕೈಯಿಂದ ಜಾಡಿ ತೆಗೆದುಕೊಂಡು ಮುಚ್ಚಳ ಬಿಗಿ ಮಾಡಿದೆ. “ನಡಿ, ದಾರೀಲಿ ಬೆಣ್ಣೆ ತಗೊಳ್ಳೋಣ,” ಎಂದೆ.