ಹಳದಿ ಗೆರೆ, ಹಸಿರು ಗೆರೆ

ರೇಸ್ ಕಾರುಗಳ ಎಂಜಿನ್ ತಯಾರಿಸುವ ಕಾರ್ಖಾನೆಯ ಮ್ಯಾನೇಜರ್ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಓಡಿಬಂದಾಗ ಇನ್ಸ್‌ಪೆಕ್ಟರ್ ಆಗಷ್ಟೇ ತನ್ನ ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಿದ್ದಳು. ಗಂಡ ತೀರಿಕೊಂಡ ಮೇಲೆ ಒಬ್ಬಳಿಗೆ ಎಷ್ಟು ಬೇಯಿಸಬೇಕೆಂಬುದೇ ಅವಳ ಕೈಗೆ ಹತ್ತಿರಲಿಲ್ಲ. ದಿನವೂ ಮಿಕ್ಕಿದ್ದು, ಠಾಣೆಯವರೆಲ್ಲ ‘ಮೀಸೆ’ ಎಂದು ಕರೆಯುವ ಕಾನ್‌ಸ್ಟೆಬಲ್‌ನ ಪಾಲಾಗುತ್ತಿತ್ತು.

“ಬ್ಯಾಟರಿ ಕಳುವಾಗಿದೆ ಮೇಡಂ.”

“ಕಾರಿಂದಾ?” ಎಂದ ಮೀಸೆ.

“ಅಂಥಾದ್ದಲ್ಲಪ್ಪ. ಎಂಜಿನ್ ಜೊತೆ ಸೇರಿ ರೇಸ್ ಕಾರನ್ನ ಓಡಿಸೋದು. ಬ್ರೇಕ್ ಹಾಕಿದಾಗ ತುಂಬ್ಕೊಳ್ಳತ್ತೆ, ವೇಗ ಬೇಕಾದಾಗ ಕೊಡತ್ತೆ. ಹಳೇ ಮಾದರಿ. ಗುಟ್ಟು ಹೊರಗೆ ಹೋಗಬಾರದು ಅಂತ ಇವತ್ತು ಚಾರ್ಜ್ ಇಳಿಸಿ ಪುಡಿ ಮಾಡಬೇಕಿತ್ತು. ಪೆಟ್ಟಿಗೆ ಎತ್ತಿದ್ರೆ ಹಗುರ. ಯಾರೋ ಖಾಲಿ ಪೆಟ್ಟಿಗೆ ಇಟ್ಟು ನಿಜವಾದದ್ದನ್ನ ಹೊಡ್ಕೊಂಡು ಹೋಗಿದಾರೆ.”

“ಅಪಾಯ ಇದೆಯಾ?”

“ಒಂದು ಸೆಲ್ ಉಬ್ಬಿದೆ. ಹೊತ್ತಿಕೊಂಡ್ರೆ ಮನೆ ಉಳಿಯಲ್ಲ.”

ಎಫ್‌ಐಆರ್ ದಾಖಲಾಯಿತು. ಮ್ಯಾನೇಜರ್‌ಗೆ ಎದುರಾಳಿ ತಂಡದ ಮೇಲೆ ಅನುಮಾನ. ಇನ್ಸ್‌ಪೆಕ್ಟರ್‌ಗೆ ಮಾತ್ರ ಆ ಉಬ್ಬಿದ ಸೆಲ್ ಯಾರ ಮನೆಯ ಮಂಚದ ಪಕ್ಕದಲ್ಲಿದೆಯೋ ಎಂಬ ಭಯ.

ಬ್ಯಾಟರಿ ಕೋಣೆಯಲ್ಲಿ ಪಂಚನಾಮೆ ನಡೆಯಿತು. ನೆಲಕ್ಕೆ ರಬ್ಬರ್ ಹಾಸು, ಗೋಡೆಯುದ್ದಕ್ಕೂ ದಪ್ಪ ಕೇಬಲ್‌ಗಳು. ಖಾಲಿ ಪೆಟ್ಟಿಗೆಯ ಮುಚ್ಚಳದ ಒಂದೊಂದು ಬೋಲ್ಟಿನ ಮೇಲೂ ಸಣ್ಣ ಹಳದಿ ಗೆರೆಯಿತ್ತು.

“ಇದೇನು?”

“ಬೋಲ್ಟ್ ಬಿಗಿ ಮಾಡಿದೋರು ಗೆರೆ ಎಳೀತಾರೆ ಮೇಡಂ. ಸಡಿಲಾದ್ರೆ ಗೆರೆ ಮುರಿದು ಕಾಣತ್ತೆ. ಒಬ್ಬೊಬ್ಬರಿಗೆ ಒಂದೊಂದು ಬಣ್ಣ.”

“ಹಳದಿ ಯಾರದು?”

ಮ್ಯಾನೇಜರ್ ಮುಖ ಇಳಿದುಹೋಯಿತು. “ಮೇಷ್ಟ್ರದು. ನಮ್ಮ ಹಿರಿಯ ಮೆಕ್ಯಾನಿಕ್, ಎಲ್ರಿಗೂ ಕೆಲಸ ಕಲಿಸಿದೋರು. ಇವತ್ತು ರಜೆ ಹಾಕಿದಾರೆ.”

“ಕಳ್ಳ ರುಜು ಹಾಕಿ ಹೋಗಿದಾನೆ!” ಮೀಸೆ ನಕ್ಕ. ಇನ್ಸ್‌ಪೆಕ್ಟರ್‌ಗೆ ನಗು ಬರಲಿಲ್ಲ. ಮೋಸದ ಪೆಟ್ಟಿಗೆಯನ್ನೂ ಗೆರೆ ಎಳೆಯದೆ ಬಿಡಲು ಆ ಕೈಗೆ ಮನಸ್ಸು ಬಂದಿರಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ತಟ್ಟಿದಾಗ ಮೇಷ್ಟ್ರೇ ತೆರೆದರು. “ಬನ್ನಿ, ಬನ್ನಿ” ಎಂದರು, ಬಹಳ ದಿನಗಳ ಮೇಲೆ ಮನೆಗೆ ಯಾರೋ ಬಂದರೆಂಬ ಸಂತೋಷದಲ್ಲಿ. ಆಮೇಲೆ ಖಾಕಿ ನೋಡಿ ತಲೆ ತಗ್ಗಿಸಿದರು. ನಡುಮನೆಯಲ್ಲಿ ರಬ್ಬರ್ ಹಾಸಿನ ಮೇಲೆ ಬ್ಯಾಟರಿ, ಸುತ್ತ ಮರಳಿನ ಚೀಲಗಳು. ಇದರ ಬೋಲ್ಟ್‌ಗಳ ಮೇಲೆ ಎರಡೆರಡು ಗೆರೆಗಳಿದ್ದವು, ಹಳದಿಯೊಂದು, ಹಸಿರೊಂದು.

“ಹಸಿರು ಯಾರದು?”

“ಅಕ್ಕಂದು.”

“ಒಡಹುಟ್ಟಿದೋರಾ?”

“ಅಲ್ಲ, ಕೆಲಸದಲ್ಲಿ ಜೋಡಿ. ನಾನು ಬಿಗಿ ಮಾಡಿ ಹಳದಿ ಗೆರೆ ಎಳೀತಿದ್ದೆ, ಅಕ್ಕ ಪರೀಕ್ಷೆ ಮಾಡಿ ಪಕ್ಕದಲ್ಲಿ ಹಸಿರು ಗೆರೆ ಎಳೀತಿದ್ರು. ಹೋದ ವರ್ಷ ಕಾಯಿಲೆ ಬಿದ್ದು ಹೋಗಿಬಿಟ್ರು. ಅವರ ಜಾಗಕ್ಕೆ ಯಂತ್ರ ಬಂತು. ಬೋಲ್ಟ್ ಸರಿ ಇದ್ರೆ ದೀಪ ಹಚ್ಚತ್ತೆ. ‘ಊಟ ಆಯ್ತೇನೋ’ ಅಂತ ಕೇಳಲ್ಲ.”

“ಯಾಕೆ ತಂದ್ರಿ?”

“ಅಕ್ಕನ ಗೆರೆ ಉಳಿದಿರೋದು ಇದೊಂದರ ಮೇಲೇ ಮೇಡಂ. ಪುಡಿ ಮಾಡ್ತೀವಿ ಅಂದ್ರು.”

ಇನ್ಸ್‌ಪೆಕ್ಟರ್ ಮನೆಯ ಅಡುಗೆಮನೆಯಲ್ಲೂ ಒಂದು ಡಬ್ಬವಿತ್ತು. ‘ಸಕ್ಕರೆ’ ಎಂದು ಗಂಡ ಬರೆದು ಅಂಟಿಸಿದ ಚೀಟಿ ಹಾಳಾದೀತೆಂದು ಅವಳು ಅದನ್ನು ತೊಳೆದೇ ಇರಲಿಲ್ಲ.

“ಬೆಳಿಗ್ಗೆಯಿಂದ ಬಿಸಿಯಾಗ್ತಿದೆ,” ಮೇಷ್ಟ್ರು ಮೆಲ್ಲಗೆ ಹೇಳಿದರು. “ಕೊಂಡಿ ಎಳೆದು ಕರೆಂಟ್ ಕಡೀಬೇಕು. ಒಬ್ಬನೇ ಮುಟ್ಟೋ ಹಾಗಿಲ್ಲ, ಹಿಂದೆ ಒಬ್ರು ನಿಲ್ಲಬೇಕು. ಶಾಕ್ ಹೊಡೆದ್ರೆ ಈ ಮರದ ಕೊಕ್ಕೆ ಹಾಕಿ ನನ್ನ ಎಳೀಬೇಕು. ನಂಗೆ ಯಾರೂ ಇರಲಿಲ್ಲ.”

ಮೀಸೆ ಅಕ್ಕಪಕ್ಕದ ಮನೆಯವರನ್ನು ಹೊರಗೆ ಕಳಿಸಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿದ. ಇನ್ಸ್‌ಪೆಕ್ಟರ್ ಕೊಕ್ಕೆ ಕೈಗೆ ತೆಗೆದುಕೊಂಡಳು.

“ನಿಂತಿದ್ದೀನಿ ಮೇಷ್ಟ್ರೇ. ಎಳೀರಿ.”

ಕೊಂಡಿ ಕಳಚಿತು. ಅಗ್ನಿಶಾಮಕದವರು ಬಂದ ಮೇಲೆ ಅವರ ನೆರವಿನಿಂದ ಬ್ಯಾಟರಿಯನ್ನು ವಶಕ್ಕೆ ಪಡೆಯಲಾಯಿತು. ಪಂಚರ ಸಹಿಯಾದ ಮೇಲೆ, ಒಂದು ಗಂಟೆ ನಲವತ್ತು ನಿಮಿಷಕ್ಕೆ ಮೇಷ್ಟ್ರನ್ನು ಬಂಧಿಸಲಾಯಿತು. ಸಾಕ್ಷ್ಯವಾದ ವಸ್ತುವನ್ನು ಕೇಸು ಮುಗಿಯುವವರೆಗೆ ಪುಡಿ ಮಾಡುವ ಹಾಗಿಲ್ಲವೆಂದು ಇನ್ಸ್‌ಪೆಕ್ಟರ್ ಮ್ಯಾನೇಜರ್‌ಗೆ ಖಡಾಖಂಡಿತವಾಗಿ ಹೇಳಿದಳು.

ಜೀಪು ಹೊರಟಿತು. ಸ್ವಲ್ಪ ದೂರ ಹೋದ ಮೇಲೆ ಇನ್ಸ್‌ಪೆಕ್ಟರ್, ಬರುವಾಗ ಜೀಪಿನಲ್ಲಿ ಹಾಕಿಕೊಂಡಿದ್ದ ತನ್ನ ಡಬ್ಬಿಯನ್ನು ಹಿಂದಿನ ಸೀಟಿಗೆ ಚಾಚಿದಳು.

“ಊಟ ಆಯ್ತಾ?”

ಮೇಷ್ಟ್ರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತುಬಿಟ್ಟರು.