ಹಾಜರಿ ಹಾಳೆಯ ಹದಿನೈದನೇ ಸಹಿ

ಈ ಮೂಲಕ ಸಮಸ್ತ ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ದೂರಶಿಕ್ಷಣದ ಎಂ.ಎ. ರಾಜ್ಯಶಾಸ್ತ್ರ ಮೊದಲ ವರ್ಷದ ತರಗತಿಯಲ್ಲಿ, ಮೂರನೇ ಸಾಲಿನ ಬೆಂಚಿನ ನಾಲ್ಕು ಕಾಲುಗಳ ಪೈಕಿ ಒಂದು ಕಾಲು, ಉಳಿದ ಮೂರರ ವಿರುದ್ಧ ಅವಿಶ್ವಾಸ ಗೊತ್ತುವಳಿ ಮಂಡಿಸಿತ್ತು.

ಅಂದರೆ, ಬೆಂಚು ಅಲುಗಾಡುತ್ತಿತ್ತು!

ಅದರ ಒಂದು ತುದಿಯಲ್ಲಿ ಕೂತಿದ್ದ ನಿಶ್ಚಿತಾ ‘ಸಾರ್ವಭೌಮತ್ವ’ ಎಂದು ಬರೆಯಲು ಹೊರಟಿದ್ದಳು. ‘ಸಾರ್ವ’ ಸರಿಯಾಗೇ ಬಂತು. ‘ಭೌಮ’ದ ಹೊತ್ತಿಗೆ ಭೂಮಿ ನಡುಗಿತು. ‘ತ್ವ’ ಹೋಗಿ ಪಕ್ಕದವನ ನೋಟ್‌ಬುಕ್ಕಿನ ಮೇಲೆ ಕೂತಿತು.

“ಹಲೋ, ಸ್ವಲ್ಪ ಕಾಲು ಕುಣಿಸೋದು ನಿಲ್ಲಿಸ್ತೀರಾ?”

“ನನ್ನ ಕಾಲಲ್ಲ ಕಣ್ರೀ... ಬೆಂಚಿನ ಕಾಲು.”

ಅವಳು ಬಗ್ಗಿ ನೋಡಿದಳು. ನಿಜ. ಅವನ ಎರಡು ಕಾಲುಗಳೂ ಪಾಪ, ಜೋಡಿಸಿಟ್ಟ ಚಪ್ಪಲಿಯ ಹಾಗೆ ಸುಮ್ಮನಿದ್ದವು.

‘ಛೇ! ಮೊದಲನೇ ಮಾತೇ ಸುಳ್ಳು ಆಪಾದನೆ ಆಗ್ಬುಡ್ತಲ್ಲ...’

ಅವನು ಚೀಲದಿಂದ ದಪ್ಪನೆಯ ಕಾರ್ಡೊಂದನ್ನು ತೆಗೆದು, ನಾಲ್ಕಾಗಿ ಮಡಚಿ, ಬೆಂಚಿನ ಕಾಲಡಿಗೆ ತುರುಕಿದ. ಬೆಂಚು ನಿಂತಿತು. ಅವಳ ಎದೆ ಮಾತ್ರ... ಹೋಗಲಿ ಬಿಡಿ, ಅದಕ್ಕೆ ಕೊಡಲು ಅವನ ಬಳಿ ಇನ್ನೊಂದು ಕಾರ್ಡು ಇರಲಿಲ್ಲ.

“ಏನದು?”

“ಲಗ್ನಪತ್ರಿಕೆ. ಯಾರದೋ. ಗಂಡಿನ ಹೆಸರು ತಪ್ಪು ಪ್ರಿಂಟ್ ಆಗಿತ್ತು. ನಾನು ಅಗ್ರಹಾರದಲ್ಲಿ ಪ್ರೆಸ್ಸಲ್ಲಿರೋದು.”

ಅವನ ಹೆಸರು ವಾಗೀಶ. ಹೆಸರಿಗೆ ಮಾತಿನ ಒಡೆಯ. ಆದರೆ ಮಾತು ರೇಷನ್ ಅಂಗಡಿಯ ಸಕ್ಕರೆಯ ಹಾಗೆ, ಬಂದರೆ ಬಂತು. ಇವಳೋ ಹೆಸರಿಗೆ ನಿಶ್ಚಿತಾ. ಹೋಟೆಲಿನಲ್ಲಿ ಇಡ್ಲಿಯೋ ವಡೆಯೋ ಎಂಬುದನ್ನೂ ಒಂದೇ ಸಲಕ್ಕೆ ನಿಶ್ಚಯಿಸಿದ ದಾಖಲೆಯಿಲ್ಲ.

ದೂರಶಿಕ್ಷಣ ಅಂದರೆ ದೂರದಲ್ಲಿದ್ದು ಕಲಿಯುವುದು. ಆದರೂ ವರ್ಷಕ್ಕೆ ಹತ್ತು ದಿನ ಹತ್ತಿರ ಬಂದು ಕೂರಲೇಬೇಕು. ಅದಕ್ಕೆ ಸಂಪರ್ಕ ತರಗತಿ ಎಂದು ಹೆಸರು. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಒಟ್ಟು ಇಪ್ಪತ್ತು ಹಾಜರಿ. ಅದರಲ್ಲಿ ಹದಿನೈದು ಇರಲೇಬೇಕು. ಹದಿನಾಲ್ಕಾದರೆ ಆ ವರ್ಷ ಪರೀಕ್ಷೆಯಿಲ್ಲ, ಮುಂದಿನ ವರ್ಷ ಬನ್ನಿ, ನಮಸ್ಕಾರ.

ನಿಶ್ಚಿತಾಳ ಸಂಕಟ ಅಲ್ಲೇ ಇತ್ತು. ಹೆಬ್ಬಾಳದ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಅವಳಿಗೆ ಕೆಲಸ, ಎರಡು ಗಂಟೆಗೆ ಸೆಕೆಂಡ್ ಶಿಫ್ಟು. ಬೆಳಗಿನ ಪಾಠ ಮುಗಿಯುತ್ತಲೇ ಬಸ್ಸಿಗೆ ಓಡಬೇಕು.

ಮೂರನೇ ದಿನ ವಾಗೀಶನೇ ಕೇಳಿದ. “ಮಧ್ಯಾಹ್ನದ ಹಾಜರಿಗೆ ಏನ್ ಮಾಡ್ತೀರಿ?”

“ರಜಾ ಕೊಡಲ್ಲ ಕಣ್ರೀ. ಐದು ಸಹಿ ಬೇಕಲ್ಲ ನಂಗೆ...” ಅವಳು ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ನೀವು ಹಾಕ್ಬುಡ್ತೀರಾ? ಪ್ಲೀಸ್?”

ಅವನು ಇನ್ನೊಂದು ಹಾಳು ಲಗ್ನಪತ್ರಿಕೆ ತೆಗೆದು, ಅದರ ಹಿಂದೆ ಅವಳ ಸಹಿ ಕಲಿಯತೊಡಗಿದ.

“ಭಾರಿ ಕಷ್ಟ ರೀ ನಿಮ್ಮ ಸಹಿ. ಕೊನೇಲಿ ಬಾಲ ಮೇಲಕ್ಕೆ ಹೋಗ್ಬೇಕೋ ಕೆಳಕ್ಕೆ ಹೋಗ್ಬೇಕೋ ಅಂತ ಅದಕ್ಕೇ ಗೊತ್ತಿಲ್ಲ!”

ಅವಳು ಬಿದ್ದು ಬಿದ್ದು ನಕ್ಕಳು.

ಮಾರನೇ ದಿನದಿಂದ ಮಧ್ಯಾಹ್ನದ ಪಾಠದ ಟಿಪ್ಪಣಿಯೂ ಬರತೊಡಗಿತು. ಎಲ್ಲವೂ ಕೆಟ್ಟುಹೋದ ಲಗ್ನಪತ್ರಿಕೆಗಳ ಬೆನ್ನಿನ ಮೇಲೆ! ಹೆಬ್ಬಾಳದ ಬಸ್ಸಿನಲ್ಲಿ ಅವಳು ಒಂದು ಬದಿಯಲ್ಲಿ ‘ಸಾಮಾಜಿಕ ಒಪ್ಪಂದ ಸಿದ್ಧಾಂತ’ ಓದುತ್ತಿದ್ದಳು, ತಿರುಗಿಸಿದರೆ ‘ತಮ್ಮ ಆಗಮನಾಭಿಲಾಷಿಗಳು’ ಕಾಣುತ್ತಿದ್ದರು. ಯಾವುದು ಪಾಠ, ಯಾವುದು ಆಹ್ವಾನ... ಕಿಟಕಿಯ ಕಡೆ ಮುಖ ಮಾಡಿ ಒಬ್ಬಳೇ ನಗುತ್ತಿದ್ದಳು.

ಎಂಟನೇ ದಿನ ಬೆಳಗ್ಗೆ ಸಂಯೋಜಕಿ ಪ್ರೇಮಲೀಲಾ ಮೇಡಂ ಹಾಜರಿ ಹಾಳೆ ಹಿಡಿದು ಬಂದರು. ಹೆಸರಿನಲ್ಲಿ ಪ್ರೇಮವೂ ಇತ್ತು, ಲೀಲೆಯೂ ಇತ್ತು. ಮುಖದಲ್ಲಿ ಎರಡಕ್ಕೂ ಅಂದು ರಜೆ.

“ನಿನ್ನೆ ಮಧ್ಯಾಹ್ನ ಮೂವತ್ತೆಂಟು ತಲೆ, ಮೂವತ್ತೊಂಬತ್ತು ಸಹಿ. ನಿಶ್ಚಿತಾ ಅನ್ನೋರು ನಿನ್ನೆ ಇರಲಿಲ್ಲ. ಯಾರು ಹಾಕಿದ್ದು ಇದನ್ನ?”

ಪಕ್ಕದಲ್ಲಿ ವಾಗೀಶ ಎದ್ದು ನಿಂತ. “ನಾನು, ಮೇಡಂ.”

ಮೇಡಂ ಕಣ್ಣು ನಿಶ್ಚಿತಾಳ ಕಡೆ ತಿರುಗಿತು. “ನೀವು ಹೇಳಿದ್ರೇನಮ್ಮ ಇವರಿಗೆ?”

ಒಂದೇ ಒಂದು ಕ್ಷಣ. ಆ ಕ್ಷಣದಲ್ಲಿ ಅವಳ ಕಣ್ಣೆದುರಿಗೆ ಬಂದದ್ದು ಅಪ್ಪ. ಬನ್ನಿಮಂಟಪದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಶಿವರುದ್ರಪ್ಪನವರು ಮಗಳಿಗೆ ಖಡಾಖಂಡಿತವಾಗಿ ಹೇಳಿದ್ದರು, “ಎಂ.ಎ. ಮುಗಿಯೋಗಂಟ ಗಂಡು ನೋಡಲ್ಲ. ಮಧ್ಯದಲ್ಲಿ ಒಂದು ವರ್ಷ ಜಾರಿತೋ, ಅದೇ ತಿಂಗಳು ನೋಡ್ತೀನಿ.”

“ಇಲ್ಲ ಮೇಡಂ,” ಎಂದಳು ನಿಶ್ಚಿತಾ. “ಇವರು... ಇವರು ಯಾರೂಂತ ನಂಗೆ ಸರಿಯಾಗಿ ಗೊತ್ತೂ ಇಲ್ಲ.”

ಜೀವನದಲ್ಲಿ ಅವಳು ತಡಮಾಡದೆ ನಿಶ್ಚಯಿಸಿದ್ದು ಅದೊಂದೇ.

ವಾಗೀಶ ಅವಳತ್ತ ನೋಡಿದ. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು!

“ಹೌದು ಮೇಡಂ. ಅವರಿಗೆ ನಾನು ಗೊತ್ತಿಲ್ಲ. ನಾನೇ ಹಾಕಿದ್ದು.”

ಅವನ ಹಾಜರಿಗಳೆಲ್ಲ ರದ್ದಾದವು. ಆ ವರ್ಷ ಪರೀಕ್ಷೆಯಿಲ್ಲ. ಇವಳು, ಸಿಕ್ಕಿಬೀಳದ ಹಿಂದಿನ ಸಹಿಗಳ ಜೊತೆ ಲೆಕ್ಕ ತುಂಬಿಸಲು, ಉಳಿದ ಮೂರು ದಿನ ಹೇಗೋ ಸ್ನೇಹಿತೆಯ ಕಾಲು ಹಿಡಿದು ಶಿಫ್ಟು ಬದಲಿಸಿಕೊಂಡಳು. ಬದಲಿಸಬಹುದಿತ್ತು ಎಂಬುದು ಆಗ ತಿಳಿಯಿತು! ಆ ಒಂದು ಸಂಗತಿ ಅವಳನ್ನು ಎಷ್ಟು ದಿನ ತಿಂದಿತೆಂದರೆ, ಊಟ ತಿನ್ನುವುದು ಮರೆತುಹೋಗುತ್ತಿತ್ತು.

ಕೊನೆಯ ದಿನ ಎಲ್ಲರೂ ಹೊರಟ ಮೇಲೆ ಅವಳು ಬಗ್ಗಿ, ಬೆಂಚಿನ ಕಾಲಡಿಯಿಂದ ಆ ಲಗ್ನಪತ್ರಿಕೆಯನ್ನು ಎಳೆದುಕೊಂಡಳು. ಬೆಂಚು ಮತ್ತೆ ನಡುಗಿತು.

ಹನ್ನೊಂದು ದಿನ ಯೋಚಿಸಿ ಅವನಿಗೆ ಒಂದು ಮೆಸೇಜು ಕಳಿಸಿದಳು. ‘ಸಾರಿ. ತಪ್ಪು ನಂದೇ.’ ಒಂದೇ ಟಿಕ್ಕು ಬಂತು. ಎರಡನೆಯದು ಬರಲೇ ಇಲ್ಲ.

‘ಬ್ಲಾಕ್ ಮಾಡಿದಾರೆ. ಮಾಡ್ಬೇಕಾದ್ದೇ. ನಾನಾಗಿದ್ರೂ ಮಾಡ್ತಿದ್ದೆ...’

ಪರೀಕ್ಷೆಯ ದಿನ ಪಕ್ಕದ ಜಾಗ ಖಾಲಿ. ಸಹಪಾಠಿ ಸುಪ್ರೀತ್, “ವಾಗೀಶ ಓದೋದೇ ಬಿಟ್ಬುಟ್ಟನಂತೆ ಕಣ್ರೀ,” ಎಂದ. ಅವಳು ‘ಪೌರನ ಹಕ್ಕು ಮತ್ತು ಕರ್ತವ್ಯಗಳು’ ಎಂಬ ಪ್ರಶ್ನೆಗೆ ಎಂಟು ಪುಟ ಬರೆದಳು. ಇಪ್ಪತ್ತಕ್ಕೆ ಹದಿಮೂರು ಅಂಕ ಬಂತು. ಕರ್ತವ್ಯದ ಬಗ್ಗೆ ಬರೆದಿದ್ದಕ್ಕೆ ಸೊನ್ನೆ ಕೊಡಬೇಕಿತ್ತು ಎಂದುಕೊಂಡಳು.

ಎರಡು ವರ್ಷ ಕಳೆಯಿತು. ನಿಶ್ಚಿತಾ ಎಂ.ಎ. ಪಾಸಾದಳು. ಶಿವರುದ್ರಪ್ಪನವರು ಅಂಗಡಿಗೆ ಬಂದವರಿಗೆಲ್ಲ ಮೊಳೆಯ ಜೊತೆ ಮೈಸೂರ್‌ಪಾಕು ಕೊಟ್ಟರು.

“ಈಗ ಗಂಡು ನೋಡಣ. ನಿಂಗ್ಯಾರಾದ್ರೂ ಇದ್ರೂ ಹೇಳವ್ವ. ಜಾತಿ ವಿಚಾರದಲ್ಲಿ ನಾನು ಜಗಳ ಆಡಲ್ಲ. ಡಿಗ್ರಿ ವಿಚಾರದಲ್ಲಿ ಆಡ್ತೀನಿ. ನಿನ್ನಷ್ಟಾದ್ರೂ ಓದಿರ್ಬೇಕು ಹುಡುಗ.”

“ಒಬ್ಬರಿದ್ರು ಅಪ್ಪ... ನನ್ನಿಂದಾನೇ ಓದು ನಿಂತೋಯ್ತು,” ಎಂದಳು. ಮನಸ್ಸಿನಲ್ಲಿ. ಬಾಯಲ್ಲಿ ಬಂದದ್ದು, “ಯಾರೂ ಇಲ್ಲ.”

ಮತ್ತೊಂದು ಸಲ ಅದೇ ಸುಳ್ಳು!

ಅಂಕಪಟ್ಟಿ ತರಲು ಅಧ್ಯಯನ ಕೇಂದ್ರಕ್ಕೆ ಹೋದಾಗ ಸೂಚನಾ ಫಲಕದ ಮುಂದೆ ಅವಳ ಕಾಲು ನಿಂತುಬಿಟ್ಟಿತು. ಎರಡನೇ ವರ್ಷದ ಸಂಪರ್ಕ ತರಗತಿಯ ಪಟ್ಟಿ. ಕೊನೆಯಿಂದ ಮೂರನೇ ಹೆಸರು, ವಾಗೀಶ.

ಬಿಟ್ಟಿರಲಿಲ್ಲ. ಮೊದಲಿನಿಂದ ಶುರುಮಾಡಿದ್ದ. ಒಂದು ವರ್ಷ ಹಿಂದೆ... ಅವಳು ತಳ್ಳಿದಷ್ಟೇ ಹಿಂದೆ.

ಅಂದು ಬಸ್ಸಿನಲ್ಲಿ ಅವಳೊಂದು ಮಹಾಯೋಜನೆ ಹಾಕಿದಳು. ಸುಳ್ಳು ಹೇಳಿದ್ದು ತುಂಬಿದ ತರಗತಿಯಲ್ಲಿ. ನಿಜವನ್ನೂ ತುಂಬಿದ ತರಗತಿಯಲ್ಲೇ ಹೇಳುವುದು. ತಪ್ಪೊಪ್ಪಿಗೆ ಪತ್ರ ಕೊಡುವುದು. ಡಿಗ್ರಿ ಹೋದರೆ ಹೋಗಲಿ!

ಸಂಪರ್ಕ ತರಗತಿಯ ಕೊನೆಯ ದಿನ, ಮಧ್ಯಾಹ್ನ. ನಾಲ್ಕು ಸಲ ತಿದ್ದಿ ಬರೆದ ಪತ್ರ ಹಿಡಿದು ನಿಶ್ಚಿತಾ ತರಗತಿಯ ಒಳಗೆ ನಡೆದೇಬಿಟ್ಟಳು. ಮೂರನೇ ಸಾಲಿನ ಬೆಂಚಿನಲ್ಲಿ ಅವನಿದ್ದ. ಸ್ವಲ್ಪ ಸೊರಗಿದ್ದ. ಅವಳು ನೇರ ಹೋಗಿ ಪತ್ರವನ್ನು ಮೇಡಂ ಮೇಜಿನ ಮೇಲಿಟ್ಟಳು.

“ಮೇಡಂ, ಎರಡು ವರ್ಷದ ಹಿಂದೆ ನಾನು ಇಲ್ಲಿ ಒಂದು ಸುಳ್ಳು ಹೇಳಿದ್ದೆ. ವಾಗೀಶ್ ಅವರು ಸಹಿ ಹಾಕಿದ್ದು ನಾನು ಬೇಡ್ಕೊಂಡಿದ್ದಕ್ಕೆ. ಶಿಕ್ಷೆ ಅವರಿಗಾಯ್ತು. ಏನ್ ಕ್ರಮ ತಗೋತೀರೋ ಈಗ ನನ್ನ ಮೇಲೆ ತಗೊಳ್ಳಿ.”

ಪ್ರೇಮಲೀಲಾ ಮೇಡಂ ಕನ್ನಡಕ ಏರಿಸಿ ಪತ್ರವನ್ನು ಎರಡು ಸಲ ಓದಿದರು.

“ನೀವು ಪಾಸಾಗಿದೀರಲ್ವೇನಮ್ಮ?”

“ಹೌದು ಮೇಡಂ.”

“ಅಂದ್ಮೇಲೆ ನೀವೀಗ ನಮ್ಮ ವಿದ್ಯಾರ್ಥಿನಿ ಅಲ್ಲ. ವಿದ್ಯಾರ್ಥಿ ಅಲ್ಲದೋರ ಮೇಲೆ ಕ್ರಮ ತಗೊಳಕ್ಕೆ ನಮಗೆ ಬರಲ್ಲ. ಈ ಪತ್ರ ಯಾವ ಫೈಲಿಗೂ ಸೇರಲ್ಲ.” ಮೇಡಂ ಪತ್ರವನ್ನು ಮಡಚಿ ಅವಳ ಕೈಗೇ ಕೊಟ್ಟರು. ದನಿ ಸ್ವಲ್ಪ ಮೆತ್ತಗಾಯಿತು. “ಇನ್ನೊಂದು, ಪಾಠದ ಹೊತ್ತಲ್ಲಿ ಹೊರಗಿನೋರು ಒಳಗೆ ಇರಂಗಿಲ್ಲ. ದಯವಿಟ್ಟು ಹೊರಡಿ.”

ಯಾರೋ ಕಿಸಕ್ಕೆಂದರು.

ಹೊರಗಿನವಳು! ಶಿಕ್ಷೆ ಕೇಳಿಕೊಂಡು ಬಂದರೆ ಅದನ್ನು ಪಡೆಯುವ ಅರ್ಹತೆಯೂ ಇಲ್ಲ! ಅವಳು ಓಡುತ್ತಲೇ ಹೊರಬಂದು ವರಾಂಡದ ಕೊನೆಯ ಕಲ್ಲುಬೆಂಚಿನ ಮೇಲೆ ಕುಸಿದಳು. ಎರಡು ವರ್ಷ ತಡೆದಿಟ್ಟಿದ್ದ ಅಳು ಒಟ್ಟಿಗೆ ಬಂತು.

“ಈ ಬೆಂಚು ಅಲುಗಾಡಲ್ಲ. ಧೈರ್ಯವಾಗಿ ಅಳಬಹುದು.”

ತಲೆ ಎತ್ತಿದಳು. ವಾಗೀಶ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ, ಮಧ್ಯೆ ಮೊದಲಿನಷ್ಟೇ ಜಾಗ ಬಿಟ್ಟು.

“ಬೈಯಿರಿ ವಾಗೀಶ್. ಬೈದ್ಬುಡಿ ಒಂದ್ಸಲ.”

“ಬೈಯಕ್ಕೆ ಎರಡು ವರ್ಷ ಮಾತು ಕೂಡಿಸಿಟ್ಟಿದ್ದೆ ಕಣ್ರೀ. ನೀವು ಒಳಗೆ ಬಂದ ತಕ್ಷಣ ಎಲ್ಲ ಮರ್ತೋಯ್ತು.”

“ಮೆಸೇಜ್ ಮಾಡಿದ್ದೆ... ನೀವು ಬ್ಲಾಕ್ ಮಾಡಿದ್ರಿ.”

“ಬ್ಲಾಕಾ?” ಅವನು ಹುಬ್ಬೇರಿಸಿದ. “ಅದೇ ವಾರ ನನ್ನ ಫೋನು ಪ್ರೆಸ್ಸಿನ ಕಟಿಂಗ್ ಮೆಷಿನ್ನಿಗೆ ಸಿಕ್ಕಾಕೊಂಡು, ಸಿಮ್ಮು ಸಮೇತ ಎರಡು ಹೋಳಾಯ್ತು ರೀ! ಹೊಸ ನಂಬರ್ ತಗೊಂಡೆ. ನಿಮ್ಮ ನಂಬರೂ ಅದರ ಜೊತೆ ಹೋಯ್ತು.”

ಅವಳು ಅಳುವನ್ನು ಅರ್ಧಕ್ಕೇ ನಿಲ್ಲಿಸಿ ಬಾಯಿ ಬಿಟ್ಟಳು. ಎರಡು ವರ್ಷ! ಒಂದು ಬೂದು ಟಿಕ್ಕನ್ನು ನೋಡಿ ನೋಡಿ...

“ಹೆಬ್ಬಾಳಕ್ಕೆ ಬರಬಹುದಿತ್ತಲ್ಲ ನೀವು?”

“ಬಂದಿದ್ದೆ. ಗೇಟಿನವರೆಗೂ ಬಂದಿದ್ದೆ.” ಅವನ ದನಿ ಇಳಿಯಿತು. “ಸೆಕ್ಯುರಿಟಿಯವನು ‘ನಿಮಗೆ ಅವರು ಏನಾಗ್ಬೇಕು’ ಅಂದ. ನೀವೇ ಗೊತ್ತಿಲ್ಲ ಅಂದಿದ್ರಿ... ನಾನೇನಂತ ಹೇಳ್ಲಿ? ವಾಪಸ್ ಬಂದ್ಬುಟ್ಟೆ.”

ಅವಳು ಬ್ಯಾಗಿನಿಂದ, ನಾಲ್ಕಾಗಿ ಮಡಚಿ ಸವೆದ ಆ ಲಗ್ನಪತ್ರಿಕೆಯನ್ನು ತೆಗೆದು ಇಬ್ಬರ ನಡುವೆ ಇಟ್ಟಳು. ಬೆಂಚಿನ ಕಾಲಿನ ಗುರುತು ಅದರ ಮೇಲೆ ಇನ್ನೂ ಇತ್ತು.

“ಇದನ್ನ ಇಟ್ಕೊಂಡಿದ್ರಾ?” ಅವನು ಅದನ್ನು ಮೆಲ್ಲಗೆ ಮುಟ್ಟಿದ.

“ಇದೊಂದೇ ಅಲ್ಲ. ಎಲ್ಲಾ. ಟಿಪ್ಪಣಿ ಬರೆದಿದ್ದೂ, ನನ್ನ ಸಹಿ ಕಲಿತಿದ್ದೂ.” ಅವಳು ಕಣ್ಣೊರೆಸಿಕೊಂಡಳು. “ವಾಗೀಶ್, ನಂಗೆ ನೀವು ಇಷ್ಟ. ಅವತ್ತೂ ಇಷ್ಟ ಇದ್ರಿ. ಇಷ್ಟ ಇದ್ದೋರನ್ನೇ ಗೊತ್ತಿಲ್ಲ ಅಂದ್ಬುಟ್ಟೆ.”

ಮಾತಿನ ಒಡೆಯ ನಡುವಿದ್ದ ಲಗ್ನಪತ್ರಿಕೆಯನ್ನು ಎತ್ತಿ ಜೇಬಿಗಿಟ್ಟುಕೊಂಡ. ಬೆಂಚಿನ ನಡುವಿನ ಜಾಗ ತಾನಾಗಿ ಕಡಿಮೆಯಾಯಿತು.

ಆಗ ನಿಶ್ಚಿತಾಳಿಗೆ ಉಸಿರು ಬಂತು. ಉಸಿರಿನ ಹಿಂದೆಯೇ ಎರಡನೇ ಮಹಾಯೋಜನೆ!

“ನೋಡಿ, ಅಪ್ಪಂದು ಒಂದೇ ಕಂಡೀಶನ್ನು. ಹುಡುಗ ಎಂ.ಎ. ಆಗಿರ್ಬೇಕು. ನಿಮ್ಮದು ಮುಂದಿನ ತಿಂಗಳು ಪರೀಕ್ಷೆ. ಮೂರು ತಿಂಗಳಿಗೆ ರಿಸಲ್ಟು. ಅಂಕಪಟ್ಟಿ ಹಿಡ್ಕೊಂಡು ಸೀದಾ ನಮ್ಮ ಅಂಗಡಿಗೆ ಬನ್ನಿ. ದಸರಾ ಮುಗಿದ ಮೇಲೆ ಮೊದಲನೇ ಮುಹೂರ್ತ! ಕಾರ್ಡು ನಿಮ್ಮ ಪ್ರೆಸ್ಸಲ್ಲೇ... ಯಾಕೆ ಸುಮ್ನಿದೀರಿ?”

ಅವನು ನಗುತ್ತಿದ್ದ. ಆದರೆ ಆ ನಗು ಎಲ್ಲೋ ಸ್ವಲ್ಪ ಹರಿದಿತ್ತು.

ಅಷ್ಟರಲ್ಲಿ ಅಟೆಂಡರ್ ಶಿವರಾಮು ಹಾಜರಿ ಹಾಳೆ ಹಿಡಿದುಕೊಂಡು ತರಗತಿಯಿಂದ ಹೊರಬಂದರು.

“ಅಯ್ಯೋ, ಸಹಿ!” ನಿಶ್ಚಿತಾ ಹಾರಿ ಎದ್ದಳು. “ಅಣ್ಣಾ, ಇವರದೊಂದು ಸಹಿ ಉಳಿದಿದೆ. ಇಲ್ಲೇ ಇದಾರೆ ನೋಡಿ!”

“ಆಗಕಿಲ್ಲ ಕಣವ್ವ. ಎಣಿಸೋವಾಗ ಒಳಗೆ ಕುಂತಿದ್ದೋರ್ದು ಮಾತ್ರ. ಎರಡು ವರ್ಷದಿಂದ ಇದೇ ರೂಲು. ಅದ್ಯಾರೋ ಇಬ್ರು ಪುಣ್ಯಾತ್ಮರು ಕಳ್ಳ ಸಹಿ ಆಟ ಆಡಿದ್ರಂತೆ, ಅವತ್ತಿಂದ ಮೇಡಮ್ಮೋರು ತಂದವ್ರೆ.”

ಪುಣ್ಯಾತ್ಮರಿಬ್ಬರೂ ನೆಲ ನೋಡಿದರು. ಶಿವರಾಮು ಮೆಟ್ಟಿಲಿಳಿದು ಹೋದರು.

“ವಾಗೀಶ್... ನಿಮ್ಮದು ಎಷ್ಟಿದೆ ಹಾಜರಿ?”

“ಮದುವೆ ಸೀಸನ್ನು ನೋಡಿ. ಪ್ರೆಸ್ಸಿಂದ ಐದು ಹೊತ್ತು ಬಿಡಲೇ ಇಲ್ಲ.”

“ಎಷ್ಟಿದೆ ಹೇಳಿ!”

“ಹದಿನಾಲ್ಕು.”

ಅವಳು ಮತ್ತೆ ಕೂತಳು. ಇವತ್ತಿನದು ಹದಿನೈದನೆಯದು. ಇನ್ನೊಂದು ವರ್ಷ! ಮತ್ತೆ ತನ್ನಿಂದಲೇ!

“ಎದ್ದು ಹೊರಗೆ ಬಂದ್ರೆ ಹೋಗುತ್ತೆ ಅಂತ... ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು.”

ಅವಳು ಅವನ ಕೈ ಹಿಡಿದುಕೊಂಡಳು. ಒಳಗೆ ಪ್ರೇಮಲೀಲಾ ಮೇಡಂ ಅಂದಿನ ಪಾಠ ಶುರುಮಾಡಿದ್ದು ಕೇಳುತ್ತಿತ್ತು.

“ಇನ್ನೊಂದು ವರ್ಷ ಅಪ್ಪಂಗೆ ಏನಂತ ಹೇಳಿ ತಡೀಲಿ? ಯಾರು ಆ ಹುಡುಗ ಅಂತ ಕೇಳ್ತಾರೆ...”

“ಈ ಸಲ ಗೊತ್ತು ಅನ್ನಿ,” ಎಂದ ವಾಗೀಶ. “ಅಷ್ಟು ಸಾಕು.”