ಯಜಮಾನಿಗೆ ಹತ್ತಿದ ಕೆಮ್ಮು

"ಎರಡು ವಾರದ ಹಿಂದೆ ಇಲ್ಲಿಗೆ ಕೆಮ್ಮೋ ನಾಯಿ ಯಾವುದಾದ್ರೂ ಬಂದಿತ್ತಾ?"

ಬಾಗಿಲು ತಳ್ಳಿಕೊಂಡು ಬಂದವನು ನಮಸ್ಕಾರ ಅನ್ನಲಿಲ್ಲ, ಯಾರು ಏನು ಅಂತ ಹೇಳಲಿಲ್ಲ. ನೇರ ಈ ಪ್ರಶ್ನೆ!

ನಾಯಿಗಳಿಗೆ ಸ್ನಾನ ಮಾಡಿಸಿ, ಕೂದಲು ಕತ್ತರಿಸುವ ಅಂಗಡಿ ಅದು. ಆರು ವರ್ಷದಿಂದ ಅವಳು ಅಲ್ಲೇ ಕೆಲಸಕ್ಕಿದ್ದಳು. ಮೊಣಕೈವರೆಗೂ ಸೋಪಿನ ನೊರೆ. ತೊಟ್ಟಿಯಲ್ಲಿದ್ದ ನಾಯಿ ಅದೇ ಹೊತ್ತಿಗೆ ಮೈ ಕೊಡವಬೇಕೆ! ಅರ್ಧ ನೊರೆ ಹಾರಿ, ಎದುರು ನಿಂತವನ ಕನ್ನಡಕದ ಮೇಲೆ ಕೂತಿತು.

"ಅಯ್ಯೋ, ಕ್ಷಮಿಸಿ! ಒರೆಸಿಕೊಡ್ಲಾ?"

"ಬೇಡ. ಕನ್ನಡಕ ಒರೆಸೋದೇ ನನ್ನ ಕೆಲಸ. ಹಿಂದಿನ ಬೀದಿಯ ಕನ್ನಡಕದಂಗಡಿ ನಂದೇ." ಅವನು ನಗಲಿಲ್ಲ. "ನಮ್ಮಮ್ಮ ನಮ್ಮ ನಾಯಿ ಡುಮ್ಮನನ್ನ ಸ್ನಾನಕ್ಕೆ ಇಲ್ಲಿಗೆ ಕರ್ಕೊಂಡು ಬಂದಿದ್ರು. ಆಮೇಲೆ ಅವನು ಗಂಟಲಲ್ಲಿ ಮೂಳೆ ಸಿಕ್ಕಿದ ಹಾಗೆ ಕೆಮ್ಮೋಕೆ ಶುರು ಮಾಡಿದ. ಈಗ ಮನೆಯ ಬೆಕ್ಕಿಗೂ ಸೀನು, ಕೆಮ್ಮು. ಹದಿನಾಲ್ಕು ವರ್ಷದ ಬೆಕ್ಕು ಅದು. ಎರಡು ದಿನದಿಂದ ಏನೂ ತಿಂದಿಲ್ಲ. ಕೆಮ್ಮು ಎಲ್ಲಿಂದ ಹತ್ತಿತು ಅಂತ ಗೊತ್ತಾದ್ರೇ ಸರಿಯಾದ ಔಷಧಿ ಕೊಡೋಕಾಗೋದು, ಇಲ್ಲಿ ಕೇಳಿಕೊಂಡು ಬಾ ಅಂದ್ರು ಪ್ರಾಣಿ ಡಾಕ್ಟರು."

"ನಾಯಿ ಕೆಮ್ಮು... ಬೆಕ್ಕಿಗೆ ಹತ್ತುತ್ತಾ?"

"ನಾನೂ ಹತ್ತಲ್ಲ ಅಂದ್ಕೊಂಡಿದ್ದೆ. ಹತ್ತುವಂಥದ್ದೂ ಇದೆಯಂತೆ. ಹೇಳಿ, ಬಂದಿತ್ತಾ?"

ಅವಳು ನಲ್ಲಿ ನಿಲ್ಲಿಸಿದಳು.

ಬಂದಿತ್ತು!

ಖಾಯಂ ಗಿರಾಕಿಯ ದೊಡ್ಡ ನಾಯಿ. ಬಾಗಿಲಲ್ಲೇ ಎರಡು ಸಲ ಕೆಮ್ಮಿತ್ತು. ಕೆಮ್ಮುವ ನಾಯಿಗೆ ಪ್ರವೇಶವಿಲ್ಲ ಅಂತ ಅವಳೇ ಕೈಯಾರೆ ಬರೆದು ಗೋಡೆಗೆ ಅಂಟಿಸಿದ್ದಳು. ಆದರೆ ಆ ನಾಯಿಯ ಒಡತಿ, "ನಿನ್ನ ಬಿಟ್ರೆ ಇವನು ಇನ್ಯಾರ ಕೈಗೂ ಬಗ್ಗಲ್ಲ ಕಣೇ" ಅಂದಿದ್ದೇ ತಡ, ಇವಳು ಕರಗಿ ನೀರಾಗಿದ್ದಳು. ಅಷ್ಟೇ ಆಗಿದ್ದರೆ ಸರಿ. ಸ್ನಾನ ಮುಗಿದ ಪ್ರತಿ ನಾಯಿಗೂ ಕುತ್ತಿಗೆಗೆ ಹಳದಿ ಕರವಸ್ತ್ರ ಕಟ್ಟಿ ಫೋಟೋ ತೆಗೆಯೋದು ಅಂಗಡಿಯ ವಾಡಿಕೆ. ಇದ್ದದ್ದು ಒಂದೇ ಕರವಸ್ತ್ರ. ಅದರ ಮೇಲೆ ಕೆಮ್ಮಿದ ನಾಯಿಯ ಜೊಲ್ಲು ಬಿದ್ದಿದ್ದನ್ನ ಕಣ್ಣಾರೆ ಕಂಡಿದ್ದಳು. ಒಗೆಯೋಕೆ ಸೋಮಾರಿತನ. ಒಮ್ಮೆ ಕೊಡವಿ ಮುಂದಿನ ನಾಯಿಗೆ ಕಟ್ಟಿಬಿಟ್ಟಿದ್ದಳು.

ಆ ಮುಂದಿನ ನಾಯಿಯೇ ಡುಮ್ಮ.

ಹೇಳಿಬಿಡು... ಈಗಲೇ ಹೇಳಿಬಿಡು...

"ಇಲ್ಲ," ಅಂದಳು. "ಯಾವ ನಾಯೀನೂ ಕೆಮ್ಮಿಲ್ಲ."

ಅವನು ನಿಟ್ಟುಸಿರುಬಿಟ್ಟ. "ಹಾಗಾದ್ರೆ ಇದು ಅಮ್ಮನ ಕೆಲಸವೇ. ಮೆಟ್ಟಿಲ ಹತ್ತಿರ ಬೀದಿ ಬೆಕ್ಕಿಗೆ ದಿನಾ ಹಾಲು ಹಾಕ್ತಾರೆ. ಬೇಡ ಅಂದ್ರೆ ಕೇಳಲ್ಲ. ಅದರಿಂದಲೇ ಇವೆರಡಕ್ಕೂ ಹತ್ತಿರಬೇಕು. ನಿಮ್ಮ ಮೇಲೆ ಸುಮ್ನೆ ಅನುಮಾನ ಪಟ್ಟೆ... ಕ್ಷಮಿಸಿ."

ಕ್ಷಮೆ ಕೇಳಿದ! ಇವಳ ಹತ್ತಿರ!

ಅವನು ಹೋದ ಮೇಲೆ ಅವಳು ತೊಟ್ಟಿಯಲ್ಲಿದ್ದ ನಾಯಿಗೆ ಮೂರು ಸಲ ಸೋಪು ಹಚ್ಚಿದಳು. ಕೈ ತನ್ನ ಪಾಡಿಗೆ ಉಜ್ಜುತ್ತಲೇ ಇತ್ತು.

ಮರುದಿನ ಮಧ್ಯಾಹ್ನ ಅವಳ ಕಾಲು ತಾನಾಗಿ ಕನ್ನಡಕದವನ ಮನೆ ಹುಡುಕಿಕೊಂಡು ಹೋಯಿತು. ನಿಜ ಹೇಳೋಕೇ ಹೊರಟಿದ್ದಳು, ಆಣೆಗೂ! ಆದರೆ ಬಾಗಿಲು ತೆಗೆದ ಅವನ ತಾಯಿಯ ಕಣ್ಣು ಅತ್ತು ಊದಿಕೊಂಡಿತ್ತು.

"ಬೆಕ್ಕನ್ನ ನೋಡ್ಕೊಳ್ಳೋಕೆ... ಸಹಾಯ ಬೇಕಾ ಅಮ್ಮಾ?" ಅಂದುಬಿಟ್ಟಳು.

ಅಲ್ಲಿಂದ ದಿನಾ ಹೋದಳು. ಆ ಮನೆಯಲ್ಲಿ ಈಗ ಎರಡು ರಾಜ್ಯ. ಮುಂದಿನ ಕೋಣೆ ಡುಮ್ಮನದು, ಹಿಂದಿನದು ಬೆಕ್ಕಿನದು. ಬೆಕ್ಕಿನ ಹೆಸರೇ ಯಜಮಾನಿ. ಡುಮ್ಮನನ್ನ ಮುಟ್ಟಿದವರು ಕೈ ತೊಳೆದು, ಮೇಲಂಗಿ ಬದಲಿಸಿಯೇ ಯಜಮಾನಿಯ ಸನ್ನಿಧಿಗೆ ಹೋಗಬೇಕು. ಅದಕ್ಕಂತ ಅವನ ಹಳೇ ಅಂಗಿಯೊಂದು ಬಾಗಿಲ ಮೊಳೆಗೆ ನೇತಾಡುತ್ತಿತ್ತು. ಅವಳು ಅದನ್ನ ತನ್ನ ಬಟ್ಟೆ ಮೇಲೆ ತೊಟ್ಟು, ಬಚ್ಚಲಲ್ಲಿ ಬಿಸಿನೀರು ಬಿಟ್ಟು ಆವಿ ತುಂಬಿಸಿ, ಬೆಕ್ಕನ್ನ ತೊಡೆ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಅದರ ಪಕ್ಕೆ ಉಸಿರಿಗಾಗಿ ಒದ್ದಾಡೋದು ಅಂಗೈಗೆ ಗೊತ್ತಾಗುತ್ತಿತ್ತು.

"ನನ್ನ ಅಂಗಿ ನನಗಿಂತ ನಿಮಗೇ ಒಪ್ಪುತ್ತೆ," ಅಂದ ಅವನು ಮೂರನೇ ದಿನ, ಬಾಗಿಲಿಗೆ ಒರಗಿ.

"ತೋಳು ಮೂರು ಸಲ ಮಡಚಿದ್ದೀನಿ. ಒಪ್ಪುತ್ತಂತೆ, ಒಪ್ಪುತ್ತೆ!"

ಅವನು ಮೊದಲ ಸಲ ನಕ್ಕ. ನಕ್ಕಾಗ ಕನ್ನಡಕ ಮೂಗಿನ ತುದಿಗೆ ಜಾರಿತು. ಇವಳ ಮನಸ್ಸೂ ಅದರ ಜೊತೆಗೇ ಜಾರಿತೆಂದರೆ ಸುಳ್ಳಲ್ಲ.

"ನೀವು ಯಾರೋ ಏನೋ... ದೇವರೇ ಕಳಿಸಿದ ಹಾಗೆ ಬಂದ್ರಿ," ಅಂದ ಮೆಲ್ಲಗೆ.

ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೇ ವಾಸಿಯಿತ್ತು. ಛೀ, ಎಂಥ ಹೆಣ್ಣು ನಾನು! ಕಾಯಿಲೆ ಕೊಟ್ಟವಳೂ ನಾನೇ, ಹೊಗಳಿಸಿಕೊಳ್ಳುವವಳೂ ನಾನೇ! ಅವಳು ಮುಖ ತಗ್ಗಿಸಿ ಬೆಕ್ಕಿನ ಮೂಗು ಒರೆಸಿದಳು. ನಾಚಿಕೆ ಅಂತ ತಿಳಿದು ಅವನು ಇನ್ನಷ್ಟು ನಕ್ಕ.

ಐದನೇ ದಿನ ಅವಳು ಬಂದಾಗ ತಾಯಿ ಮೆಟ್ಟಿಲ ಮೇಲೆ ಕೂತಿದ್ದರು. ಕೆಳಗೆ ಬೀದಿ ಬೆಕ್ಕು ಮುಖ ಎತ್ತಿ ಮಿಯಾಂ ಅನ್ನುತ್ತಿತ್ತು. ಬಟ್ಟಲು ಬರಿದು.

"ಬರಬೇಡ ಕಂದಾ, ಹೋಗು... ನಿನಗೆ ಹಾಕಿದ್ದಕ್ಕೇ ನಮ್ಮ ಯಜಮಾನಿಗೆ ಹೀಗಾಯ್ತಂತೆ." ಇವಳನ್ನ ಕಂಡು ಸೆರಗಿಂದ ಕಣ್ಣೊತ್ತಿಕೊಂಡರು. "ಯಜಮಾನಿ ಹೋದ್ರೆ ಅದು ನಿನ್ನಿಂದಲೇ ಅಮ್ಮಾ ಅಂದ ನನ್ನ ಮಗ. ಐದು ದಿನ ಆಯ್ತು, ನನ್ನ ಜೊತೆ ಊಟಕ್ಕೂ ಕೂತಿಲ್ಲ. ಡಾಕ್ಟರ ಔಷಧಿನೂ ನಾಟ್ತಿಲ್ಲ. ನನ್ನ ಕೈಯಾರೆ ಅದನ್ನ ಕೊಂದೆನಾ?"

ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು ಅವಳಿಗೆ. ತನ್ನ ಒಂದು ಸುಳ್ಳು ಈ ಮುದಿಜೀವದ ತಲೆ ಮೇಲೆ ಕೂತಿದೆ! ಅವನು ಊಟಕ್ಕೆ ಬರುವುದು ಬೀದಿಯ ತಿರುವಿನಲ್ಲಿ ಕಾಣಿಸಿತು. ಈಗ ಹೇಳಿದರೆ ಅವನು ಇನ್ನು ಮುಖ ನೋಡಲ್ಲ. ಹೇಳದಿದ್ದರೆ... ಯಜಮಾನಿ ಉಳಿಯಲ್ಲ.

ಅವನು ಹತ್ತಿರ ಬರುವವರೆಗೆ ಕಾದಳು.

"ಕೆಮ್ಮೋ ನಾಯಿ ಬಂದಿತ್ತು," ಅಂದಳು. "ನಾನೇ ಒಳಗೆ ಬಿಟ್ಟೆ. ಅದರ ಜೊಲ್ಲಿನ ಬಟ್ಟೆ ಡುಮ್ಮನಿಗೆ ಕಟ್ಟಿದ್ದೂ ನಾನೇ. ಅಮ್ಮಂದು ಏನೂ ತಪ್ಪಿಲ್ಲ. ಅವತ್ತು ನಿಮಗೆ... ಸುಳ್ಳು ಹೇಳಿದೆ."

ಅವನು ಜೇಬಿಂದ ಫೋನ್ ತೆಗೆದು ಡಾಕ್ಟರಿಗೆ ವಿಷಯ ಹೇಳಿದ. ಅವರು ತಕ್ಷಣ ಬೇರೆ ಔಷಧಿ ಬರೆಸಿದರು. ಅವನು ಅದರ ಹೆಸರು ಬರೆದುಕೊಂಡ.

"ಐದು ದಿನ," ಅಂದ. "ಐದು ದಿನದ ಹಿಂದೆಯೇ ಸಿಗಬೇಕಿತ್ತು ಅದಕ್ಕೆ ಈ ಔಷಧಿ. ದಿನಾ ತೊಡೆ ಮೇಲಿಟ್ಕೊಂಡು ಕೂತಿದ್ರಲ್ಲ... ಒಂದು ಸಲ ಹೇಳ್ಬೇಕು ಅನ್ನಿಸಲಿಲ್ವಾ?"

"ಪ್ರತಿ ಸಲ ಅನ್ನಿಸ್ತು."

"ಹೋಗಿ."

ಅವಳು ಹೋದಳು.

ಹೋಗಿ ಸುಮ್ಮನೆ ಅಳುತ್ತಾ ಕೂತಳು ಅಂದುಕೊಂಡಿರಾ? ಇಲ್ಲ. ಅಂಗಡಿಯ ಒಡತಿಗೆ ಎಲ್ಲ ಹೇಳಿದಳು. ಬೈಸಿಕೊಂಡಳು. ಆ ದಿನದ ಫೋಟೋಗಳನ್ನ ನೋಡಿ, ಡುಮ್ಮನ ನಂತರ ಅದೇ ಬಟ್ಟೆ ಕಟ್ಟಿಸಿಕೊಂಡ ಹನ್ನೊಂದು ನಾಯಿಗಳ ಮನೆಗೂ ಫೋನ್ ಮಾಡಿದಳು. "ನನ್ನ ತಪ್ಪಿಂದ ನಿಮ್ಮ ನಾಯಿಗೆ ಕೆಮ್ಮು ಹತ್ತಿರಬಹುದು. ಮನೇಲಿ ಬೆಕ್ಕಿದ್ರೆ ದಯವಿಟ್ಟು ಬೇರೆ ಇಡಿ." ಹನ್ನೊಂದು ಸಲ ಅದೇ ಮಾತು. ಮೂರು ಮನೆಯಲ್ಲಿ ಕೆಮ್ಮು ಶುರುವಾಗಿತ್ತು. ಒಬ್ಬರು ಬಾಯಿಗೆ ಬಂದ ಹಾಗೆ ಬೈದರು. ಒಂದು ಮನೆಯಲ್ಲಿ ಎಳೇ ಬೆಕ್ಕಿನ ಮರಿಯಿತ್ತು, ಇನ್ನೂ ಚೆನ್ನಾಗಿತ್ತು. ಆ ಒಂದು ಫೋನ್ ಇಟ್ಟ ಮೇಲೆ ಮಾತ್ರ ಅವಳಿಗೆ ಬಿಕ್ಕಿ ಬಿಕ್ಕಿ ಅಳು ಬಂತು.

ಅಂಗಡಿಗೆ ಕೆಲವು ದಿನ ಬಾಗಿಲು ಹಾಕಿದರು. ಅವಳು ಒಬ್ಬಳೇ ತೊಟ್ಟಿ, ಗೂಡು, ಬಾಚಣಿಗೆ, ಎಲ್ಲ ತಿಕ್ಕಿದಳು. ಕನ್ನಡಕದಂಗಡಿಯ ಬೀದಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋದಳು. ಯಜಮಾನಿ ಬದುಕಿದ್ದಾಳಾ ಅಂತ ಕೇಳೋಕೂ ಮುಖ ಇರಲಿಲ್ಲ.

ಒಂಬತ್ತನೇ ದಿನ ಬೆಳಿಗ್ಗೆ ಬಾಗಿಲಲ್ಲಿ ಅವನೇ ನಿಂತಿದ್ದ!

ಅವಳ ಕೈಯಿಂದ ಬ್ರಷ್ ಜಾರಿ ಬಿತ್ತು. "ಯಜಮಾನಿ...?"

ಅವನು ಅಂಗೈ ತಿರುವಿ ತೋರಿಸಿದ. ಮೂರು ಉದ್ದದ ಗೀರು. "ನಿನ್ನೆ ಹೊಟ್ಟೆ ತುಂಬ ಮೀನು ತಿಂದ್ಲು. ಇವತ್ತು ಔಷಧಿ ಕೊಡೋಕೆ ಹೋದ್ರೆ ಹೀಗೆ ಪರಚಿದ್ಲು."

"ಬದುಕಿದ್ಲಾ!" ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

"ಅಮ್ಮ ನಿಮ್ಮನ್ನ ಅವತ್ತೇ ಕ್ಷಮಿಸಿಬಿಟ್ರು. ನನ್ನನ್ನ ಕ್ಷಮಿಸೋಕೆ ಮಾತ್ರ ವಾರ ಹಿಡೀತು." ಅವನು ತಲೆ ತಗ್ಗಿಸಿದ. "ಸುಳ್ಳು ಹೇಳಿದ್ದು ನೀವು. ಆದ್ರೆ ಅಮ್ಮನ ಮೇಲೆ ಕೂಗಾಡು ಅಂತ ನೀವೇನೂ ಹೇಳಿಕೊಟ್ಟಿರಲಿಲ್ಲ. ಅದು ನನ್ನ ಸ್ವಂತ ಬುದ್ಧಿ. ನೆನೆಸಿಕೊಂಡ್ರೆ ನಾಚಿಕೆ ಆಗುತ್ತೆ."

"ಮತ್ತೆ... ನೀವು? ನನ್ನನ್ನ..."

"ಇಲ್ಲ. ನನಗೆ ಇನ್ನೂ ಕೋಪ ಇದೆ."

"ಹಾಗಾದ್ರೆ ಯಾಕೆ ಬಂದ್ರಿ?"

"ಒಂಬತ್ತು ದಿನ ಒಬ್ಬನೇ ಕೂತು ಕೋಪ ಮಾಡ್ಕೊಂಡು ನೋಡಿದೆ. ಆಗ್ತಿಲ್ಲ. ಕಣ್ಣು ಬಾಗಿಲ ಕಡೆಗೇ ಹೋಗುತ್ತೆ. ಅದಕ್ಕೇ ಇನ್ಮೇಲೆ ನಿಮ್ಮ ಎದುರಿಗೇ ಕೂತು ಕೋಪ ಮಾಡ್ಕೊಳ್ಳೋಣ ಅಂತ ಬಂದೆ."

ಅವಳು ಮೆಲ್ಲಗೆ ತಲೆ ಎತ್ತಿದಳು. "ಎಷ್ಟು ದಿನ ಇರುತ್ತೆ ಈ ಕೋಪ?"

"ನಾನು ಸ್ವಲ್ಪ ಹಠಮಾರಿ. ಜೀವನಪೂರ್ತಿ ಇದ್ದರೂ ಇರಬಹುದು."

ಅವಳು ಒದ್ದೆ ಕೈಯನ್ನ ಬಟ್ಟೆಗೆ ಒರೆಸಿಕೊಂಡು, ಮೂಲೆಯಲ್ಲಿದ್ದ ಸ್ಟೂಲನ್ನ ಅವನ ಕಡೆ ತಳ್ಳಿದಳು.

"ಹಾಗಾದ್ರೆ ನಿಂತೇ ಇದ್ದೀರಲ್ಲ... ಕೂತ್ಕೊಳ್ಳಿ."